ಕೋವಿ ಎಲ್ಲಿ, ಯಾತಕ್ಕೆ?

ಚೆನ್ನೈಯಲ್ಲಿ ಆಕಸ್ಮಿಕವಾಗಿ ಗುಂಡು ತಗುಲಿ ಯಾರಾದರೂ ಸತ್ತ ಸುದ್ದಿ ಅಪರೂಪ. ಕೊಡಗು, ಮಲೆನಾಡಿನವರಿಗೆ ಅಂಥ ಸುದ್ದಿ ಹೊಸದಲ್ಲ. ಇದು ಚೆನ್ನೈ ಜನರ ಜಾಣತನವಲ್ಲ. ಅಲ್ಲಿ ಮನೆಗಳಲ್ಲಿ ಕೋವಿಯೇ ಕಡಿಮೆ. 2016ರ ಕೊನೆಗೆ ತಮಿಳುನಾಡಿನಲ್ಲಿದ್ದ ಬಂದೂಕು ಪರವಾನಗಿ ಸುಮಾರು 22,500. ಕರ್ನಾಟಕದಲ್ಲಿ 1.13 ಲಕ್ಷ, ಉತ್ತರ ಪ್ರದೇಶದಲ್ಲಿ 12.7 ಲಕ್ಷಕ್ಕೂ ಮಿಗಿಲು. 2011ರ ಜನಗಣತಿಯ ಲೆಕ್ಕ ಹಿಡಿದರೆ ಲಕ್ಷ ಜನರಿಗೆ ಕ್ರಮವಾಗಿ ಸುಮಾರು 31, 186, 640. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇರುವುದನ್ನು ಇದರ ಜೊತೆಗಿಟ್ಟು ನೋಡಬೇಕು.

ಆದರೆ ಎಣಿಕೆಯೊಂದೇ ಸಾಲದು. ಕೋವಿ ಯಾವ ಕೆಲಸಕ್ಕಿದೆಯೋ ಸಾವೂ ಆ ದಾರಿಯಲ್ಲೇ ಬರುತ್ತದೆ. ಮಲೆನಾಡಿನ ಕೇಪಿನ ಕೋವಿಯನ್ನೇ ನೋಡಿ. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜ ಎಂಬ ಸರಳಿನಿಂದ ಜಡಿಯಬೇಕು. ಕುದುರೆ, ಅಂದರೆ ಕೋವಿಯ ಸುತ್ತಿಗೆ, ಬಡಿದು ಕೇಪು ಸಿಡಿದರೆ ಮದ್ದಿಗೆ ಕಿಡಿ ಹತ್ತುತ್ತದೆ. ತೋಟಾ ಕೋವಿಯನ್ನು ಮಡಚಿ ತೋಟಾ ಹೊರತೆಗೆದಷ್ಟು ಸುಲಭವಾಗಿ ಇದನ್ನು ಬರಿದು ಮಾಡಲಾಗದು. ಹಾಗಾಗಿ ಬೇಟೆಗೆ ಹೊರಟವರು ತುಂಬಿದ ಕೋವಿಯನ್ನೇ ಹೆಗಲಿಗೇರಿಸಿ ತೋಟ, ಹಳ್ಳ ದಾಟುತ್ತಾರೆ. ಕಾಲು ಜಾರಿ ಕುದುರೆ ಕಲ್ಲಿಗೆ ತಾಗಿದರೂ ಈಡು ಹಾರಬಹುದು. ಕತ್ತಲಲ್ಲಿ ಪೊದೆ ಅಲುಗಾಡಿದ್ದನ್ನು ಹಂದಿಯೆಂದು ಬಗೆದು ಜೊತೆಗಾರನಿಗೇ ಹೊಡೆಯುವುದು ಇನ್ನೊಂದು ದುರಂತ.

ಉತ್ತರ ಭಾರತದ ಮದುವೆ ದಿಬ್ಬಣದಲ್ಲಿ ಸಂಭ್ರಮಕ್ಕೆಂದು ಗಾಳಿಗೆ ಹಾರಿಸುವ ಗುಂಡಿನ ಕಥೆ ಬೇರೆ. ನೆಟ್ಟಗೆ ಮೇಲಕ್ಕೆ ಹೋದ ಗುಂಡು ವೇಗ ಕಳೆದುಕೊಂಡು ಬೀಳುತ್ತದೆ. ಆದರೂ ಸೆಕೆಂಡಿಗೆ ಸುಮಾರು 60 ಮೀಟರ್ ವೇಗವಿದ್ದರೆ ಚರ್ಮ ಸೀಳಬಲ್ಲದು. ಓರೆಯಾಗಿ ಹಾರಿದ್ದಂತೂ ಇನ್ನೂ ಅಪಾಯಕಾರಿ. ಅದರ ವೇಗ ಅಷ್ಟು ತಗ್ಗುವುದಿಲ್ಲ. 2019ರ ಶಸ್ತ್ರಾಸ್ತ್ರ ತಿದ್ದುಪಡಿ ಕಾಯ್ದೆ ಇಂಥ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗೆ ಸೆರೆವಾಸ ಇಟ್ಟಿದೆ.

ಮನೆಯಲ್ಲಿ ಕೋವಿಯೇ ಇಲ್ಲದವರೂ ಪಾರಾಗಲಾರರು. 2021ರ ಡಿಸೆಂಬರ್ 30ರಂದು ತಮಿಳುನಾಡಿನ ಪುದುಕೋಟೆ ಜಿಲ್ಲೆಯ ನಾರ್ತಾಮಲೈ ಬಳಿ, ಭದ್ರತಾ ಪಡೆಯ ತರಬೇತಿ ಮೈದಾನದಿಂದ ಹಾರಿಬಂದ ಗುಂಡು ಬಾಲಕನೊಬ್ಬನ ತಲೆ ಹೊಕ್ಕಿತು. ಕೆಲವೇ ದಿನಗಳಲ್ಲಿ ಅವನು ತೀರಿಕೊಂಡ. ಇಂಥ ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗಬಲ್ಲದು. ಗುರಿಯ ಹಿಂದಿನ ಮಣ್ಣಿನ ದಿಬ್ಬ ತಪ್ಪಿದರೆ ಅದನ್ನು ತಡೆಯುವುದು ಎದುರು ಸಿಕ್ಕ ಮನೆ, ಮರ, ಮನುಷ್ಯ ಮಾತ್ರ.

ಬೇಟೆ, ದಿಬ್ಬಣ, ತರಬೇತಿ: ಮೂರನ್ನೂ ಒಂದೇ ಅಂಕಿಯಲ್ಲಿ ಕಲೆಸಿದರೆ ಯಾವ ಊರಿಗೆ ಯಾವ ಮದ್ದು ಎಂದು ತಿಳಿಯುವುದಾದರೂ ಹೇಗೆ? ಪ್ರತಿ ಸಾವಿನ ಜೊತೆ ಕೋವಿಯ ಬಗೆ, ಗುಂಡು ಬಂದ ದೂರ, ಆಗಿನ ಸಂದರ್ಭವನ್ನು ಜಿಲ್ಲೆಜಿಲ್ಲೆಯಲ್ಲೂ ದಾಖಲಿಸಿ ಪ್ರಕಟಿಸಬೇಕು. ಅಲ್ಲಿಯವರೆಗೆ, ಮನೆಯಲ್ಲಿ ಕೋವಿ ಇರುವವರು ಅದನ್ನು ಬರಿದು ಮಾಡಿ, ಬೀಗ ಹಾಕಿಡಿ.