ಹಚ್ಚೆ ಹೊಯ್ಯುತ್ತಿದ್ದ ತಾಯಂದಿರು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಿರಿಯ ತಾಯಂದಿರ ಮುಂಗೈಯಲ್ಲಿ ಇಂದಿಗೂ ಹಸಿರು ಹಚ್ಚೆ ಕಾಣುತ್ತದೆ. ಹೊಯ್ದ ಕೊರವಂಜಿಯ ಹೆಸರೇನೆಂದು ಕೇಳಿದರೆ ಹೇಳಬಲ್ಲವರು ವಿರಳ.

ಸುಗ್ಗಿ ಮುಗಿದು ಹೇಮಗಿರಿ, ಬೇಬಿಬೆಟ್ಟದ ದನಗಳ ಜಾತ್ರೆಗಳು ಕೂಡುವ ಕಾಲಕ್ಕೆ ಆಕೆ ಬರುತ್ತಿದ್ದಳು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುಟ್ಟಿ. ಹಿಂದೆ ಪೊರಕೆ, ಹಗ್ಗ ಮಾರುತ್ತ ಗಂಡ. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ಕೂಡಿಸಿ ಕಟ್ಟಿದ ಸೂಜಿಗಳಿಂದ ಚುಚ್ಚಿ, ಮೇಲೆ ಅರಿಶಿನ ಸವರುವಳು. ನೋವು ಮರೆಸಲು ಹಾಡು. ಅಳುವ ಹುಡುಗಿಯನ್ನು ಮಡಿಲಿಗೆಳೆದು ಸಂತೈಸುತ್ತಿದ್ದವಳೂ ಆಕೆಯೇ. ಕೂಲಿ ಒಂದು ಮೊರ ರಾಗಿ, ಹಳೆಯ ಸೀರೆ.

ಕೊರಮ, ಕುಳುವ ಸಮಾಜದವರು ತಮ್ಮ ಕುಲಗುರುವೆಂದು ನೆನೆಯುವ ನುಲಿಯ ಚಂದಯ್ಯನವರು ಬಸವಣ್ಣನವರ ಸಮಕಾಲೀನ ಶರಣರು. ಹುಲ್ಲು ಕೊಯ್ದು, ಹಗ್ಗ ಹೊಸೆದು ಜಂಗಮ ದಾಸೋಹ ನಡೆಸಿದವರು. ಕೊರಳಿನ ಲಿಂಗವು ಜಾರಿ ನೀರಿಗೆ ಬಿದ್ದಾಗಲೂ ಅವರು ಕಾಯಕ ಬಿಡಲಿಲ್ಲವೆಂಬ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಆ ಕಥೆ ಹೇಳಿದ ಎಷ್ಟೋ ಮನೆಗಳು ಕೊರವಂಜಿಯನ್ನು ಜಗಲಿಯಿಂದ ಒಳಗೆ ಕರೆಯಲಿಲ್ಲವೆಂಬುದನ್ನೂ ನಾವು ಹೇಳಲೇಬೇಕು.

ಈಗ ಹಚ್ಚೆ ಪೇಟೆಯ ಯಂತ್ರದ ಕೆಲಸವಾಗಿದೆ. ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಕಾಮಾಲೆ, ಏಡ್ಸ್ ರೋಗಾಣು ತಗಲಬಹುದಾದ್ದರಿಂದ ಮಕ್ಕಳು ಹೊಸ ಸೂಜಿಯನ್ನೇ ಕೇಳಿ ಪಡೆಯಲಿ.

ಸತ್ತಾಗ ಚಿನ್ನ ಬಾರದು, ಹಚ್ಚೆಯೊಂದೇ ಸಂಗಡ ಬರುವುದೆಂದು ಹಳ್ಳಿಯ ಹೆಂಗಸರು ನಂಬಿದ್ದರು. ನಮ್ಮಲ್ಲಿ ಇಷ್ಟಲಿಂಗವೂ ಸಮಾಧಿಗೆ ಜೊತೆಯಾಗುತ್ತದೆ. ಲಿಂಗ ಹಿಡಿದ ಆ ಕೈಯ ಮೇಲೆಯೇ ಕೊರವಂಜಿ ಬರೆದ ಚೇಳು, ತೊಟ್ಟಿಲುಗಳೂ ಇರುತ್ತವೆ. ಆಕೆಯ ಹಾಡುಗಳು ಇನ್ನೂ ಕೆಲವು ಅಜ್ಜಿಯರ ಬಾಯಲ್ಲಿವೆ. ಬರೆದುಕೊಳ್ಳುವವರು ಬೇಗ ಹೋಗಬೇಕು.