ಒಬ್ಬಳೂ ಕಡಿಮೆಯಾಗಬಾರದು

ಹಿಂದೆ ಊರಿಗೆಲ್ಲ ಸುದ್ದಿ ಮುಟ್ಟಿಸಬೇಕಾದರೆ ಡಂಗುರ ಸಾರುತ್ತಿದ್ದರು. ಅಜ್ಜ-ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತು. ತಮಟೆ ಬಡಿದು ಹೇಳುತ್ತಿದ್ದುದು ಮೂರೇ ಸಂಗತಿ: ವಿಷಯ ಏನು, ಎಲ್ಲಿ ಸೇರಬೇಕು, ಯಾವಾಗ ಸೇರಬೇಕು. ಮಕ್ಕಳೇ, ಈಗ ಆ ಕೆಲಸವನ್ನು ಮೊಬೈಲೂ ಮಾಡುತ್ತದೆ. ಅಂಥ ಒಂದು ಡಂಗುರದ ಕಥೆ ಹೇಳುತ್ತೇನೆ, ಕೇಳಿ.

ಫುಟ್‌ಬಾಲ್ ಆಟಗಾರ ಮೆಸ್ಸಿಯ ದೇಶ ಅರ್ಜೆಂಟೀನಾ. ಅಲ್ಲಿ 2015ರ ಮೇ ತಿಂಗಳಲ್ಲಿ 14 ವರ್ಷದ ಹುಡುಗಿಯೊಬ್ಬಳ ಕೊಲೆಯಾಯಿತು. ಕೊಂದವನು ಅವಳಿಗೆ ಪರಿಚಯವಿದ್ದ ಹುಡುಗ. ಹೆಣ್ಣುಮಕ್ಕಳ ಮೇಲಿನ ಇಂಥ ಕ್ರೌರ್ಯದ ಸುದ್ದಿ ಆ ದೇಶಕ್ಕೆ ಹೊಸದಾಗಿರಲಿಲ್ಲ. ಮಾರ್ಸೆಲಾ ಒಹೆದಾ ಎಂಬ ಪತ್ರಕರ್ತೆಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಇನ್ನಾದರೂ ನಾವು ದನಿ ಎತ್ತಬಾರದೇ ಎಂದು ಅವರು ಟ್ವಿಟರ್‌ನಲ್ಲಿ ಕೇಳಿದರು. ಉಳಿದ ಪತ್ರಕರ್ತೆಯರು, ಲೇಖಕಿಯರು ಜೊತೆಗೂಡಿದರು.

ಅವರು ಆರಿಸಿಕೊಂಡ ಘೋಷಣೆ ‘ನಿ ಉನಾ ಮೆನೋಸ್’. ಸ್ಪ್ಯಾನಿಷ್ ಭಾಷೆಯ ಈ ಮೂರು ಪದಗಳ ಅರ್ಥ, ನಮ್ಮಲ್ಲಿ ಒಬ್ಬಳೂ ಕಡಿಮೆಯಾಗಬಾರದು. ತರಗತಿಯಲ್ಲಿ ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರದಿದ್ದರೆ ಎಲ್ಲರ ಕಣ್ಣೂ ಆ ಖಾಲಿ ಜಾಗದ ಕಡೆ ಹೋಗುತ್ತದಲ್ಲ, ಅಂಥ ಮಾತು ಇದು.

ಆ ಮೂರು ಪದಗಳನ್ನು ಅವರು ಹ್ಯಾಷ್‌ಟ್ಯಾಗ್ ಮಾಡಿದರು. ಹ್ಯಾಷ್‌ಟ್ಯಾಗ್ ಎಂದರೇನು ಎನ್ನುವ ಅಜ್ಜಿಯರಿಗೆ ನಾನು ಹೂಮಾಲೆಯ ದಾರವನ್ನು ತೋರಿಸುತ್ತೇನೆ. ಬೇರೆ ಬೇರೆ ಊರಿನವರು ಬರೆದ ಸಾವಿರಾರು ಮಾತುಗಳನ್ನು ಅದು ಒಂದೇ ಕಡೆ ಪೋಣಿಸುತ್ತದೆ. ಲಿನಿಯರ್ಸ್ ಎಂಬ ವ್ಯಂಗ್ಯಚಿತ್ರಕಾರರು ತಮ್ಮ ಕಾರ್ಟೂನಿನ ಪುಟ್ಟ ಹುಡುಗಿ ಎನ್ರಿಕೇಟಾ ಮುಷ್ಟಿ ಎತ್ತಿ ನಿಂತ ಚಿತ್ರ ಬರೆದುಕೊಟ್ಟರು. ಆ ಚಿತ್ರವೂ ಫೋನಿನಿಂದ ಫೋನಿಗೆ ಓಡಿತು. ಸಂದೇಶದಲ್ಲಿ ಡಂಗುರದಂತೆಯೇ ದಿನ ಮತ್ತು ಜಾಗ ಇದ್ದವು: ಜೂನ್ 3, ರಾಜಧಾನಿ ಬ್ಯೂನಸ್ ಐರಿಸ್‌ನ ಸಂಸತ್ ಭವನದ ಮುಂದೆ.

ಅಂದು ಅಲ್ಲಿ ಸೇರಿದವರು ಲಕ್ಷಕ್ಕೂ ಹೆಚ್ಚು ಮಂದಿ. ಬೇರೆ ಊರುಗಳಲ್ಲೂ ಜನ ಬೀದಿಗಿಳಿದರು. ಗಂಡಸರೂ ಬಂದರು, ಅಜ್ಜಿಯರೂ ಬಂದರು.

ಅವರ ಬೇಡಿಕೆಗಳಲ್ಲಿ ಒಂದು ನನಗೆ ಬಹಳ ಮುಖ್ಯವೆನಿಸುತ್ತದೆ: ಲೆಕ್ಕ ಇಡಿ. ಎಷ್ಟು ಹೆಣ್ಣುಮಕ್ಕಳು ಹೀಗೆ ಸಾಯುತ್ತಿದ್ದಾರೆ ಎಂಬ ಸರಕಾರಿ ಲೆಕ್ಕವೇ ಆಗ ಅಲ್ಲಿ ಇರಲಿಲ್ಲ. ಸ್ವಯಂಸೇವಾ ಸಂಸ್ಥೆಯೊಂದು ಪತ್ರಿಕೆಯ ಸುದ್ದಿಗಳನ್ನು ನೋಡಿ ಎಣಿಸುತ್ತಿತ್ತು. ಅದೇ ವರ್ಷ ದೇಶದ ಸುಪ್ರೀಂ ಕೋರ್ಟ್ ದಾಖಲೆ ಇಡತೊಡಗಿತು. ಆ ವರ್ಷದ ಸಂಖ್ಯೆ 235. ಮುಂದಿನ ವರ್ಷ ಪೆರು ದೇಶದಲ್ಲೂ ಇದೇ ಹೆಸರಿನಲ್ಲಿ ದೊಡ್ಡ ಮೆರವಣಿಗೆ ನಡೆಯಿತು.

ಇಷ್ಟಾದರೂ ಅರ್ಜೆಂಟೀನಾದಲ್ಲಿ ಕೊಲೆಗಳು ನಿಂತಿಲ್ಲ. ಒಂದು ಸಂದೇಶದಿಂದ ಎಲ್ಲವೂ ಸರಿಹೋಗುವುದಿಲ್ಲ. ಆದರೆ ಲೆಕ್ಕ ಬರೆದಿಟ್ಟ ಮೇಲೆ ಗೊತ್ತಿಲ್ಲ ಎಂದು ಅಧಿಕಾರಿಗಳು ಹೇಳುವಂತಿಲ್ಲ.

ನಮ್ಮ ಮನೆಗಳ ಫೋನಿಗೂ ಇಂಥ ಸುದ್ದಿಗಳು ಬರುತ್ತವೆ. ನೊಂದ ಹುಡುಗಿಯ ಹೆಸರು, ಫೋಟೊ ಇದ್ದರೆ ಮುಂದೆ ಕಳಿಸಬೇಡಿ. ಅದರಿಂದ ಅವಳಿಗೆ ಮತ್ತೆ ನೋವಾಗುತ್ತದೆ. ಕಳಿಸುವುದಾದರೆ ಉಪಯೋಗಕ್ಕೆ ಬರುವುದನ್ನು ಕಳಿಸಿ: ಮಕ್ಕಳ ಸಹಾಯವಾಣಿ 1098, ಮಹಿಳೆಯರ ಸಹಾಯವಾಣಿ 181. ಅಜ್ಜ-ಅಜ್ಜಿಯರೂ ಮೊಮ್ಮಕ್ಕಳೂ ಕೂತು ಈ ಎರಡು ನಂಬರುಗಳನ್ನು ಇವತ್ತೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.