ದೋಣಿಯಿಂದ ಕಂಡ ದಡ

ರಾತ್ರಿಯೂಟ ಮುಗಿಸಿ ಜಗಲಿಯ ಕಂಬಕ್ಕೊರಗಿ ಕುಳಿತವನು, ಎದುರು ಮನೆಯ ಸೂರಿನಂಚಿಗೆ ತಾಗಿದಂತೆ ಹೊಳೆಯುವ ಒಂದು ನಕ್ಷತ್ರವನ್ನು ಗುರುತಿಟ್ಟುಕೊಂಡು, ತಲೆಯನ್ನು ಅಲುಗಿಸದೆ ಕಾಲು ಗಂಟೆ ನೋಡುತ್ತಿದ್ದನಾದರೆ, ಅದು ನೀಡಿದ ತೋಳಿನ ತುದಿಯ ಎರಡು ಬೆರಳುಗಳ ಅಗಲದಷ್ಟು ಸರಿದಿರುವುದನ್ನು ಕಾಣುವನು. ಗಂಟೆಗೆ 15 ಡಿಗ್ರಿಯಂತೆ ಇಡೀ ಗಗನಮಂಡಲವೇ ಪಶ್ಚಿಮಕ್ಕೆ ಹೊರಳುವಂತೆ ತೋರುವುದರಿಂದ, ಭೂಮಿ ಅಚಲವೆಂದೂ ಆಕಾಶವೇ ಸುತ್ತುವುದೆಂದೂ ಮನುಷ್ಯನು ಬಹುಕಾಲ ನಂಬಿದುದು ಸಹಜವೇ ಆಗಿತ್ತು. ಕಣ್ಣು ನುಡಿದ ಸಾಕ್ಷ್ಯವನ್ನು ಅಲ್ಲಗಳೆಯುವುದಕ್ಕೆ ಅಸಾಧಾರಣ ಧೈರ್ಯ ಬೇಕು.

ಆ ಧೈರ್ಯ, ಕ್ರಿ.ಶ. 499ರಲ್ಲಿ ಇಪ್ಪತ್ತಮೂರು ವರ್ಷದ ತರುಣನಾಗಿದ್ದ ಆರ್ಯಭಟನಲ್ಲಿತ್ತು. ಮುಂದಕ್ಕೆ ಸಾಗುವ ದೋಣಿಯಲ್ಲಿರುವವನಿಗೆ ದಡದ ಮೇಲಿನ ಅಚಲ ವಸ್ತುಗಳು ಹಿಂದಕ್ಕೆ ಸರಿಯುವಂತೆ ಕಾಣುವ ಹಾಗೆಯೇ ಅಚಲವಾದ ತಾರೆಗಳು ನಮಗೆ ಪಶ್ಚಿಮಕ್ಕೆ ಚಲಿಸುವಂತೆ ಕಾಣುತ್ತವೆಂಬ ದೃಷ್ಟಾಂತವನ್ನು ಅವನು ‘ಆರ್ಯಭಟೀಯ’ದ ಗೋಲಪಾದದಲ್ಲಿ ಕೊಟ್ಟಿದ್ದಾನೆ. ದೋಣಿ ಪೂರ್ವಕ್ಕೆ ತಿರುಗುವ ಈ ಭೂಮಿ. ದಡ ಆ ಆಕಾಶ. ಬರಿಯ ಉಪಮೆಯಲ್ಲಿಯೇ ಅವನು ನಿಲ್ಲಲಿಲ್ಲ. 43,20,000 ವರ್ಷಗಳ ಮಹಾಯುಗದಲ್ಲಿ ಭೂಮಿ 1,58,22,37,500 ಸಾರಿ ಸುತ್ತುವುದೆಂದು ಲೆಕ್ಕವನ್ನೂ ಇಟ್ಟನು. ಅವನೇ ಹೇಳಿದ ಯುಗದ ದಿನಗಳನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4 ಸೆಕೆಂಡು ಬರುತ್ತದೆ; ಇಂದಿನ ಉಪಕರಣಗಳು ಹೇಳುವ ಕಾಲವೂ ಇದೇ. ದೂರದರ್ಶಕವಿಲ್ಲದ ಕಾಲದ ಈ ಗಣಿತವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ವಿಸ್ಮಯದಿಂದ ಮೂಕವಾಗುತ್ತದೆ.

ಪಂಡಿತಲೋಕವು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಗಗನಕ್ಕೆ ಹಾರಿದ ಹಕ್ಕಿ ತನ್ನ ಗೂಡಿಗೆ ಮರಳುವುದೆಂತು ಎಂಬುದು ವರಾಹಮಿಹಿರನ ಆಕ್ಷೇಪ. 628ರಲ್ಲಿ ಬ್ರಹ್ಮಗುಪ್ತನೂ ಈ ಮತವನ್ನು ಖಂಡಿಸಿದನು. ಪ್ರಶ್ನೆ ಹಗುರವಾದುದಲ್ಲ. ಬೆಂಗಳೂರಿನಲ್ಲಿ ಕುಳಿತಿರುವ ನಾವು ಗಂಟೆಗೆ 1,600 ಕಿಲೋಮೀಟರಿಗೂ ಮಿಗಿಲಾದ ವೇಗದಿಂದ ಪೂರ್ವಕ್ಕೆ ಒಯ್ಯಲ್ಪಡುತ್ತಿದ್ದರೂ ಅದರ ಅರಿವು ನಮಗಾಗದಿರುವುದಕ್ಕೆ ಕಾರಣವೇನೆಂದರೆ, ಗಾಳಿಯೂ ಹಕ್ಕಿಯೂ ಗೂಡೂ ನಾವೂ ಅದೇ ವೇಗದಲ್ಲಿ ಪಾಲುಗೊಂಡಿರುವುದು ಮತ್ತು ಆ ಗತಿಯಲ್ಲಿ ಕುಲುಕಾಟವಿಲ್ಲದಿರುವುದು. 1851ರಲ್ಲಿ ಫೂಕೋ ಎಂಬ ವಿಜ್ಞಾನಿ ಪ್ಯಾರಿಸ್ಸಿನ ಪಾಂಥಿಯೋನ್ ಭವನದ ಗುಮ್ಮಟದಿಂದ 67 ಮೀಟರು ಉದ್ದದ ಲೋಲಕವನ್ನು ತೂಗಬಿಟ್ಟು, ಅದು ತೂಗುವ ದಿಕ್ಕು ಮೆಲ್ಲಮೆಲ್ಲನೆ ತಿರುಗುವುದನ್ನು ತೋರಿಸಿದಾಗ, ಭೂಮಿಯ ಭ್ರಮಣವನ್ನು ಜನ ಕಣ್ಣಾರೆ ಕಂಡಂತಾಯಿತು.

ಹೀಗೆ ತಿರುಗುವ ಭೂಮಿಯ ಅಕ್ಷದ ಉತ್ತರ ತುದಿ ಬೆರಳಿಟ್ಟು ತೋರುವ ಎಡೆಗೆ ಸಮೀಪದಲ್ಲಿರುವುದರಿಂದ ಧ್ರುವನಕ್ಷತ್ರ ಮಾತ್ರ ನಿಶ್ಚಲವಾಗಿ ತೋರುತ್ತದೆ. ದಿಗಂತದಿಂದ ಅದರ ಎತ್ತರವೇ ನೋಡುವವನ ಊರಿನ ಅಕ್ಷಾಂಶ: ಬೆಂಗಳೂರಿನಲ್ಲಿ 13 ಡಿಗ್ರಿ, ಬೀದರಿನಲ್ಲಿ 18. ಅದು ನಮಗೆ ಇಷ್ಟು ಕೆಳಗಿರುವುದರಿಂದಲೇ ಲಂಡನ್ನಿನವರಿಗೆ ಎಂದೂ ಅಸ್ತಮಿಸದ ಸಪ್ತರ್ಷಿಮಂಡಲ ನಮ್ಮಲ್ಲಿ ಮೂಡಿ ಮುಳುಗುತ್ತದೆ. ಅವರಿಗೆ ಎಂದೂ ಕಾಣದ ಅಗಸ್ತ್ಯ ನಮ್ಮ ದಕ್ಷಿಣದ ಬಾನಿನಲ್ಲಿ ಬೆಳಗುತ್ತಾನೆ.

ಇನ್ನು, 24 ಗಂಟೆಗೆ ಕಡಮೆಯಾದ ಆ ನಾಲ್ಕು ನಿಮಿಷಗಳ ಮಾತು. ಭೂಮಿ ತಿರುಗುತ್ತಲೇ ಸೂರ್ಯನನ್ನೂ ಸುತ್ತುತ್ತಿರುವುದರಿಂದ, ಸೂರ್ಯನು ಮತ್ತೆ ನೆತ್ತಿಗೆ ಬರಲು ಅದು ಇನ್ನಷ್ಟು ತಿರುಗಬೇಕು. ಹಾಗಾಗಿ ಪ್ರತಿಯೊಂದು ನಕ್ಷತ್ರವೂ ದಿನಕ್ಕೆ ನಾಲ್ಕು ನಿಮಿಷ, ತಿಂಗಳಿಗೆ ಎರಡು ಗಂಟೆ ಬೇಗನೆ ಮೂಡುತ್ತದೆ. ಡಿಸೆಂಬರಿನ ನಡುವೆ ಕತ್ತಲಾಗುತ್ತಲೇ ಪೂರ್ವದಲ್ಲಿ ಮೂಡುವ ತಾರಾಪುಂಜವಾದ ಮಹಾವ್ಯಾಧನು, ಮಾರ್ಚಿನ ಸಂಜೆ ನೆತ್ತಿಯ ಬಳಿಯಿದ್ದು, ಮೇ ತಿಂಗಳಲ್ಲಿ ಪಡುವಣದ ಸಂಜೆಗೆಂಪಿನಲ್ಲಿ ಕರಗಿಹೋಗುವನು. ಜೂನ್ ಮೊದಲಲ್ಲಿ ನಮ್ಮ ರೈತನು ಮೃಗಶಿರ ಮಳೆಗೆ ಕಾದು ಮುಗಿಲು ನೋಡುವಾಗ, ಆ ಮಳೆಗೆ ಹೆಸರಿತ್ತ, ಈ ಮಹಾವ್ಯಾಧನಲ್ಲಿಯೇ ಇರುವ ನಕ್ಷತ್ರ ಸೂರ್ಯನ ಜೊತೆಯಲ್ಲಿಯೇ ಹಗಲಿನ ಬೆಳಕಿನಲ್ಲಿ ಅಡಗಿ, ಅವನ ನೆತ್ತಿಯ ಮೇಲೆ ಹಾದುಹೋಗುತ್ತಿರುತ್ತದೆ.